ದರ್ಜೆ ಅಳೆಯುವುದು ಏರಿಯನ್ನಲ್ಲ, ಏರಿಯ ಕೆಳಗಿನ ಬದುಕನ್ನು

ಹವಾಯಿಯ ಕವಾಯಿ ದ್ವೀಪದಲ್ಲಿ ಕಾ ಲೋಕೊ ಎಂಬ ಮಣ್ಣಿನ ಅಣೆಕಟ್ಟು ಇತ್ತು. ಕಬ್ಬಿಗೆ ನೀರುಣಿಸಲು 1890ರಲ್ಲಿ ಕಟ್ಟಿದ್ದು. ಖಾಸಗಿಯವರ ಸ್ವತ್ತು. ಸರ್ಕಾರಿ ದಾಖಲೆಯಲ್ಲಿ ಅದಕ್ಕೆ ‘ಕಡಿಮೆ ಅಪಾಯ’ದ ದರ್ಜೆ. 2006ರ ಮಾರ್ಚ್ 14ರ ಬೆಳಗಿನ ಜಾವ, ವಾರಗಟ್ಟಲೆ ಸುರಿದ ಮಳೆಯ ನಂತರ, ಏರಿ ಒಡೆಯಿತು. ಕೆಳಗಿದ್ದ ಏಳು ಜನ ಕೊಚ್ಚಿಹೋದರು.

‘ಕಡಿಮೆ ಅಪಾಯ’ ಅಂದರೆ ಏರಿ ಗಟ್ಟಿಯಾಗಿದೆ ಅನಿಸುತ್ತದೆ, ಅಲ್ವಾ? ಹಾಗಲ್ಲ. ಅಮೆರಿಕದ ಈ ದರ್ಜೆ ಕೇಳುವುದು ಒಂದೇ ಪ್ರಶ್ನೆ: ಒಡೆದರೆ ಕೆಳಗೆ ಏನಾಗುತ್ತದೆ? ಜೀವ ಹೋಗುವ ಸಂಭವವಿದ್ದರೆ ಹೆಚ್ಚು. ಜೀವಕ್ಕಲ್ಲ, ರಸ್ತೆ, ಆಸ್ತಿಗೆ ದೊಡ್ಡ ಪೆಟ್ಟು ಬಿದ್ದರೆ ಮಧ್ಯಮ. ಬಹುಪಾಲು ಮಾಲೀಕನ ಜಮೀನೇ ಹಾಳಾಗುವುದಾದರೆ ಕಡಿಮೆ. ಹಾಗಾಗಿ ನಿನ್ನೆ ಕಟ್ಟಿದ ಭದ್ರ ಏರಿಗೂ ‘ಹೆಚ್ಚು’ ಬರಬಹುದು, ಬಿರುಕು ಬಿಟ್ಟ ಏರಿಗೂ ‘ಕಡಿಮೆ’ ಸಿಗಬಹುದು. ಏರಿಯ ಸ್ಥಿತಿಯ ಲೆಕ್ಕವೇ ಬೇರೆ. ಈ ಎರಡನ್ನು ಒಂದೇ ಎಂದುಕೊಳ್ಳುವುದೇ ದೊಡ್ಡ ತಪ್ಪು.

ದುರಂತಗಳು ಹೊಸವಲ್ಲ. 1889ರಲ್ಲಿ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಊರಿನ ಮೇಲೆ ನುಗ್ಗಿದ್ದು ಸಿರಿವಂತರ ಒಂದು ಕ್ಲಬ್ಬಿನ ಮಣ್ಣಿನ ಅಣೆಕಟ್ಟಿನ ನೀರು. ಮೀನು ತಪ್ಪಿಸಿಕೊಳ್ಳದಿರಲಿ ಎಂದು ಅದರ ಕೋಡಿಗೆ ಜಾಲರಿ ಹಾಕಿದ್ದರು. ಸತ್ತವರು 2,200ಕ್ಕೂ ಜಾಸ್ತಿ. ಆದರೂ ದೇಶದ ಅಣೆಕಟ್ಟುಗಳನ್ನು ಪರಿಶೀಲಿಸುವ ಕೇಂದ್ರ ಕಾನೂನು ಬಂದದ್ದು 1972ರಲ್ಲಿ. ಅದೇ ವರ್ಷ ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಕಲ್ಲಿದ್ದಲು ಗಣಿಯ ಕಟ್ಟೆ ಒಡೆದು 125 ಜನ ಸತ್ತಿದ್ದರು. ಕಾನೂನು ಬಂತು, ಪರಿಶೀಲನೆಗೆ ಹಣ ಬರಲಿಲ್ಲ. ಪಟ್ಟಿ ಮಾಡಿ ಸುಮ್ನೆ ಇಟ್ಟರು.

1977ರ ನವೆಂಬರ್ 6ರ ನಡುರಾತ್ರಿ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಒಡೆಯಿತು. ಅದೂ ಮಣ್ಣಿನದೇ, ಒಂದು ಖಾಸಗಿ ಕಾಲೇಜಿನದು. ಎತ್ತರ ಸುಮಾರು 40 ಅಡಿ ಅಷ್ಟೇ. ವಿದ್ಯುತ್ತಿಗಾಗಿ ಶುರುವಾದ ಕಟ್ಟೆ. 1957ರಲ್ಲಿ ವಿದ್ಯುತ್ ನಿಂತಿತು, ನೀರು ಮಾತ್ರ ನಿಂತೇ ಇತ್ತು. ಮಲಗಿದ್ದ 39 ಜನ ಸತ್ತರು. ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದೇ ರಾಜ್ಯದವರು. ಅವರ ಆದೇಶದ ಮೇಲೆ ಸೇನೆಯ ಇಂಜಿನಿಯರುಗಳು 1981ರವರೆಗೆ ಸುಮಾರು 8,800 ಅಣೆಕಟ್ಟುಗಳನ್ನು ನೋಡಿದರು. ಮೂರರಲ್ಲಿ ಒಂದು ಸುರಕ್ಷಿತವಲ್ಲ ಎಂದು ಗೊತ್ತಾಯಿತು.

ಆದರೆ ಕೆಳಗಿನ ನೆಲ ಬದಲಾಗುತ್ತಲೇ ಇರುತ್ತದೆ. ಹೊಲವಿದ್ದಲ್ಲಿ ಮನೆ ಏಳುತ್ತದೆ. ಏರಿ ಹಾಗೇ ಇದ್ದರೂ ‘ಕಡಿಮೆ’ ಇದ್ದದ್ದು ‘ಹೆಚ್ಚು’ ಆಗಬೇಕಾಗುತ್ತದೆ. ಇಂಜಿನಿಯರುಗಳು ಇದಕ್ಕೆ ‘ಹಜಾರ್ಡ್ ಕ್ರೀಪ್’ ಎನ್ನುತ್ತಾರೆ, ಅಪಾಯ ಸದ್ದಿಲ್ಲದೆ ತೆವಳಿ ಬರುವುದು. ದರ್ಜೆ ಏರಿದರೆ ಕೋಡಿ ಅಗಲ ಮಾಡಬೇಕಾಗಬಹುದು, ಪದೇ ಪದೇ ತಪಾಸಣೆ ಬೇಕು. ಖರ್ಚೆಲ್ಲ ಬಹುಮಟ್ಟಿಗೆ ಮಾಲೀಕನ ತಲೆಗೆ. ಕೆಳಗೆ ಮನೆ ಕಟ್ಟಿದವರು ನಾನಲ್ಲವಲ್ಲ ಎಂದು ಅವನು ಕೇಳುತ್ತಾನೆ. ಅವನ ಸಿಟ್ಟಿನಲ್ಲಿ ನ್ಯಾಯವಿದೆ. ಅಮೆರಿಕದ ಪಟ್ಟಿಯಲ್ಲಿರುವ ಅಣೆಕಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರದು ಎಂಬುದನ್ನು ಮರೆಯಬಾರದು.

ಹಾಗಂತ ಹಳೆಯ ದರ್ಜೆಯನ್ನೇ ಉಳಿಸಿಕೊಂಡರೆ ಸಾಲದು. ‘ಕಡಿಮೆ’ ದರ್ಜೆಯ ಕಟ್ಟೆಗೆ ಸಾಮಾನ್ಯವಾಗಿ ತುರ್ತು ಯೋಜನೆ ಕೇಳುವುದಿಲ್ಲ. ಏರಿ ಬಿರಿದ ರಾತ್ರಿ ಯಾವ ಮನೆಯವರನ್ನು ಮೊದಲು ಎಬ್ಬಿಸಬೇಕು ಎಂಬ ಪಟ್ಟಿಯೂ ಇರುವುದಿಲ್ಲ.