ಕೀಲಿ ತೆರೆಯಬೇಕಾದ್ದು ಪಾಠದಿಂದ

ಎಸ್ಕೇಪ್ ಗೇಮ್ ಎಂದರೆ ಸುಳಿವು ಬಿಡಿಸಿ ಕೀಲಿ (ಬೀಗ) ತೆರೆಯುವ ಆಟ; ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕುವುದಲ್ಲ. ತರಗತಿಯ ಬಾಗಿಲು ತೆರೆದೇ ಇರಲಿ, ಕೀಲಿ ಡಬ್ಬಿಗೆ ಹಾಕಿ. 2007ರಲ್ಲಿ ಕ್ಯೋಟೋದಲ್ಲಿ ತಕಾವೊ ಕಾಟೊ ಈ ಆಟವನ್ನು ಕಂಪ್ಯೂಟರ್ ಪರದೆಯಿಂದ ನಿಜವಾದ ಕೋಣೆಗೆ ತಂದದ್ದು ಮನರಂಜನೆಗಾಗಿ. ಅದು ಪಾಠವಾಗಬೇಕಾದರೆ ವಿಷಯ ತಿಳಿಯದವರ ಕೈಗೆ ಕೀಲಿ ಜಗ್ಗಬಾರದು.

ಮೂರಂಕಿಯ ನಂಬರ್ ಕೀಲಿ ಇಲ್ಲೇ ಸೋಲುತ್ತದೆ. 000ದಿಂದ 999ರವರೆಗೆ ಸಾವಿರ ಸಂಖ್ಯೆ. ಒಂದಕ್ಕೆ 2 ಸೆಕೆಂಡಿನಂತೆ ಹಿಡಿದರೂ 34 ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. 40 ನಿಮಿಷದ ಪೀರಿಯಡ್ಡಿನಲ್ಲಿ ಸುಮ್ಮನೆ ತಿರುಗಿಸುವವನೇ ಗೆಲ್ಲುತ್ತಾನೆ. ನಾಲ್ಕಂಕಿಯದಾದರೆ ಐದೂವರೆ ತಾಸು ಬೇಕು.

ವಿಜಯಪುರದ ಹತ್ತನೆಯ ತರಗತಿಗೆ ಕೀಲಿಯ ಸಂಖ್ಯೆ 1738 ಎಂದಿಡೋಣ. ಗೋಳಗುಮ್ಮಟದ ಪ್ರತಿಧ್ವನಿಯನ್ನು ಪವಾಡವೆಂದುಕೊಂಡು ಬಂದ ಮಕ್ಕಳು ಮೊದಲೆರಡು ಅಂಕಿಗಳನ್ನು ಲೆಕ್ಕ ಹಾಕಲಿ: ಕಿವಿಗೆ ಎರಡು ಸದ್ದು ಬೇರೆಯಾಗಿ ಕೇಳಲು 0.1 ಸೆಕೆಂಡು ಅಂತರ ಬೇಕು, ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್. ಹೋಗಿಬರುವ ದಾರಿ 34 ಮೀಟರ್, ಗೋಡೆ ಇರಬೇಕಾದ್ದು 17 ಮೀಟರ್ ದೂರದಲ್ಲಿ. ವೇಗವನ್ನು ಚೀಟಿಯಲ್ಲೇ ಬರೆದುಕೊಡಿ. ಒಬ್ಬರು 343 ಹಿಡಿದರೆ ಉತ್ತರ 17.15 ಆಗಿ ಜಗಳ ಶುರು.

ಉಳಿದ 38, ಗುಮ್ಮಟದ ಒಳವ್ಯಾಸ, ಕಾಣದ ಅಕ್ಷರದಲ್ಲಿರಲಿ. ಅರ್ಧ ಲೋಟ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಕರಗಿಸಿ, ಇಯರ್ ಬಡ್‌ನಿಂದ ದಪ್ಪ ಕಾಗದದ ಮೇಲೆ ಬರೆದು ಒಣಗಿಸಿ. ಸುಣ್ಣದ ತಿಳಿನೀರು ಬೇಡ. ಹಿಂದಿನ ದಿನ ಬರೆದಿಟ್ಟರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ, ಗೋಡೆಗೆ ಬಳಿದ ಸುಣ್ಣದಂತೆ ಕಾರ್ಬೊನೇಟ್ ಆಗುತ್ತದೆ; ಪ್ರತ್ಯಾಮ್ಲಕ್ಕೆ ಅರಿಷಿಣ ಸವರಿದಾಗ ಬರುವ ಕೆಂಪು ಮಂಕಾಗುತ್ತದೆ.

ಅರಿಷಿಣವನ್ನು ನೀರಿನಲ್ಲಿ ಕಲಸುವುದೂ ತಪ್ಪು. ಅದರ ಬಣ್ಣ ನೀರಿನಲ್ಲಿ ಸರಿಯಾಗಿ ಕರಗದು, ಆದರೆ ಸೋಡಾ ಕರಗಿ ಅಕ್ಷರ ಹರಡಿಬಿಡುತ್ತದೆ. ಸ್ಪಿರಿಟ್ಟಿನಲ್ಲಿ ಇದು ತಿರುವುಮುರುವು: ಬಣ್ಣ ಕರಗುತ್ತದೆ, ಸೋಡಾ ಕದಲದು. ಸ್ಪಿರಿಟ್ಟಿನಿಂದ ಮಾಡಿದ, ನೀರಿನಂತಿರುವ ಸ್ಯಾನಿಟೈಜರ್ 30 ಮಿಲಿಲೀಟರ್‌ಗೆ ಅರ್ಧ ಚಮಚ ಅರಿಷಿಣ ಹಾಕಿ, 10 ನಿಮಿಷ ಬಿಟ್ಟು ಮೇಲಿನ ತಿಳಿ ತೆಗೆಯಿರಿ. ಅದನ್ನು ಬೆಂಕಿಯಿಂದ ದೂರವಿಡಿ.

ಐದೈದು ಮಕ್ಕಳ ಗುಂಪಿಗೆ ಒಂದು ಕಾಗದ, ಉಪ್ಪುನೀರು, ನಿಂಬೆರಸ, ಅರಿಷಿಣದ ತಿಳಿ ಕೊಡಿ. ಸುಳಿವು ಇಷ್ಟೇ: ‘ಬರೆದದ್ದು ಪ್ರತ್ಯಾಮ್ಲದಲ್ಲಿ. ಸವರಲು ಒಂದೇ ಅವಕಾಶ.’ ನಿಂಬೆರಸ ಸವರಿದವರ ಸೋಡಾ ತಟಸ್ಥವಾಗಿ ಬರಹ ಹೋಯಿತು; ಅವರಿಗೆ ಇನ್ನೊಂದು ಹಾಳೆ ತೆಗೆದಿಟ್ಟಿರಿ. ಅರಿಷಿಣ ಸವರಿದವರಿಗೆ ಆರತಿ ನೀರಿನ ಅದೇ ಕೆಂಪು ಕಾಣುತ್ತದೆ. ಇದನ್ನೇ ‘ರಕ್ತ’ವೆಂದು ತೋರಿಸಿ ಮಾಟದ ಹೆದರಿಕೆ ಹುಟ್ಟಿಸುವವರಿದ್ದಾರೆ.

ಕೊನೆಯ 10 ನಿಮಿಷ ಆಟಕ್ಕೆ ಬಿಡಬೇಡಿ. ಕೆಂಪಾದ 38ರ ಮೇಲೆ ನಿಂಬೆ ಹಿಂಡಿಸಿ, ಅಕ್ಷರ ಮತ್ತೆ ಹಳದಿಯಾದದ್ದೇಕೆ ಎಂದು ಪ್ರತಿ ಗುಂಪಿನಿಂದಲೂ ಬರೆಸಿಕೊಳ್ಳಿ.