ಟಿವಿಯಲ್ಲಿ ಏರುತ್ತಾ ಹೋಗುವ ಮೊತ್ತ ನಿಜಕ್ಕೂ ಬಂದ ದುಡ್ಡಾ?

ಸೋಮವಾರಪೇಟೆಯ ಓದುಗರೊಬ್ಬರು ಕೇಳಿದ್ದಾರೆ: "ವಿದೇಶದ ಚಾನೆಲ್‌ಗಳಲ್ಲಿ ರಾತ್ರಿಯಿಡೀ ಹಾಡು, ಕುಣಿತ ನಡೆಸಿ ದೇಣಿಗೆ ಎತ್ತುತ್ತಾರಲ್ಲ, ಪರದೆ ಮೇಲೆ ಕಾಣುವ ಮೊತ್ತ ಅಷ್ಟೂ ಆಗಲೇ ಕೈಸೇರಿರುತ್ತದಾ?"

ಇಲ್ಲ. ಅದರಲ್ಲಿ ಬರೀ ಮಾತು ಕೊಟ್ಟ ದುಡ್ಡೂ ಸೇರಿರುತ್ತದೆ. ಮಡಿಕೇರಿ ದಸರಾ ಮಂಟಪಕ್ಕೆ ವಂತಿಗೆ ಎತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ನಂದೊಂದು ಐದು ಸಾವಿರ ಬರ್ಕೊಳ್ಳಿ" ಅಂತ ಸಭೆಯಲ್ಲಿ ಹೇಳಿದವರು, ರಸೀದಿ ಪುಸ್ತಕ ಹಿಡಿದು ಹೋದ ದಿನ ಮನೆಯಲ್ಲಿ ಸಿಗಬೇಕಲ್ಲ!

ಇಂಥ ಕಾರ್ಯಕ್ರಮಕ್ಕೆ ಟೆಲಿಥಾನ್ ಎನ್ನುತ್ತಾರೆ, ಟೆಲಿವಿಷನ್ ಮತ್ತು ಮ್ಯಾರಥಾನ್ ಸೇರಿ ಆದ ಪದ. 1949ರ ಏಪ್ರಿಲ್‌ನಲ್ಲಿ ಅಮೆರಿಕದ ಹಾಸ್ಯನಟ ಮಿಲ್ಟನ್ ಬರ್ಲ್ ಕ್ಯಾನ್ಸರ್ ನಿಧಿಯೊಂದಕ್ಕಾಗಿ 16 ಗಂಟೆ ನಡೆಸಿದ್ದೇ ಮೊದಲನೆಯದು ಎನ್ನುತ್ತಾರೆ. ಒಟ್ಟಾದ ದೇಣಿಗೆ ಸುಮಾರು 11 ಲಕ್ಷ ಡಾಲರ್. (ನಮ್ಮ ಮಳೆಗಾಲದಲ್ಲಿ 16 ಗಂಟೆ ಸತತ ಕರೆಂಟ್ ಇದ್ದರೆ ಅದೇ ದೊಡ್ಡ ಸುದ್ದಿ.) ಆಗ ಯುಪಿಐ ಎಲ್ಲಿತ್ತು? ಜನ ಫೋನ್ ಮಾಡಿ ಹೆಸರು, ಮೊತ್ತ ಬರೆಸುತ್ತಿದ್ದರು, ಚೆಕ್ಕು ಆಮೇಲೆ ಅಂಚೆಯಲ್ಲಿ ಬರಬೇಕು.

ಆದರೆ ಆ ಅಂಕಿಯೇ ಇಡೀ ಆಟದ ಜೀವ. 1966ರಲ್ಲಿ ಅಮೆರಿಕದ ಇನ್ನೊಬ್ಬ ಹಾಸ್ಯನಟ ಜೆರ್ರಿ ಲೂಯಿಸ್ ಸ್ನಾಯುಕ್ಷಯ ರೋಗಿಗಳಿಗಾಗಿ ನಡೆಸಿದ ಟೆಲಿಥಾನ್ 10 ಲಕ್ಷ ಡಾಲರ್ ದಾಟಿದಾಗ, ಫಲಕದಲ್ಲಿ ಏಳನೇ ಅಂಕಿಗೆ ಜಾಗವೇ ಇರಲಿಲ್ಲವಂತೆ, ಆತ ಪೇಂಟಿನಲ್ಲಿ 1 ಅಂತ ಕೈಯಾರೆ ಬರೆದರಂತೆ! ಅಂಥದ್ದನ್ನು ನೋಡಿದವರು ಇನ್ನೊಂದಿಷ್ಟು ಕೊಡದೆ ಇರುತ್ತಾರಾ? 2010ರವರೆಗೂ ವರ್ಷ ವರ್ಷ ಆತನೇ ನಡೆಸಿಕೊಟ್ಟರು.

ಚಿಲಿಯಲ್ಲಿ 1978ರಲ್ಲಿ ಅಂಗವಿಕಲ ಮಕ್ಕಳಿಗಾಗಿ 27 ಗಂಟೆಯ ಟೆಲಿಥಾನ್ ಶುರುವಾಯಿತು. ಫ್ರಾನ್ಸಿನದು 1987ರದ್ದು, ಆ ದುಡ್ಡಿನಲ್ಲೇ ಕಟ್ಟಿದ ಜೆನೆಥಾನ್ ಪ್ರಯೋಗಾಲಯ ಮನುಷ್ಯನ ಜೀನೋಮ್ (ಅಂದರೆ ಎಲ್ಲ ವಂಶವಾಹಿಗಳ) ನಕ್ಷೆ ತಯಾರಿಸುವ ಕೆಲಸದಲ್ಲಿ ಮುಂದಿತ್ತು. ಅಲ್ಲಿ ಇನ್ನೊಂದು ತಮಾಷೆ ಇದೆ, ಕೆಲವು ತಿಂಗಳ ನಂತರ ಕೊಡುವ ಪಕ್ಕಾ ಲೆಕ್ಕ ಸಾಮಾನ್ಯವಾಗಿ ಆ ರಾತ್ರಿಯ ಅಂಕಿಗಿಂತ ಜಾಸ್ತಿಯೇ ಇರುತ್ತದೆ. ಊರೂರಲ್ಲಿ ಎತ್ತಿದ ದುಡ್ಡು ತಡವಾಗಿ ಬಂದು ಸೇರುತ್ತದಲ್ಲ, ಅದಕ್ಕೆ. ಹಾಗಾಗಿ ಮಾತು ಕೊಟ್ಟವರೆಲ್ಲ ಕೈಕೊಡುತ್ತಾರೆ ಅಂತ ಸುಮ್ನೆ ಅನುಮಾನ ಪಡಬೇಡಿ.

ನನ್ನ ತಕರಾರು ಲೆಕ್ಕದ್ದಲ್ಲ, ತೋರಿಸುವ ರೀತಿಯದ್ದು. ಚಿಕ್ಕಂದಿನಲ್ಲಿ, ಜೆರ್ರಿ ಲೂಯಿಸ್ ದೇಣಿಗೆ ಎತ್ತುತ್ತಿದ್ದ ಆ ಅಮೆರಿಕದ ಸಂಸ್ಥೆಯ ಪೋಸ್ಟರಿಗೆ ಮುಖ ಕೊಟ್ಟವರೇ ದೊಡ್ಡವರಾದ ಮೇಲೆ, 1990ರ ದಶಕದಲ್ಲಿ, "ನಮ್ಮನ್ನು ಅಯ್ಯೋ ಪಾಪ ಅನ್ನಿಸಿ ದುಡ್ಡು ಎತ್ತಬೇಡಿ" ಅಂತ ಬೀದಿಗಿಳಿದರು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದಾಗ ಪರಿಹಾರ ಕೇಂದ್ರದ ಚಾಪೆ ಮೇಲೆ ಕೂತಿದ್ದವರ ಮುಖಕ್ಕೆ ಮೈಕು ಹಿಡಿದದ್ದು ನೆನಪಿದೆಯಲ್ಲ, ಅವರು ಯಾಕೆ ಹಾಗೆ ಮುಖ ತಿರುಗಿಸಿದರು ಅಂತ ಯಾರನ್ನೂ ಕೇಳಬೇಕಾಗಿಲ್ಲ.