ಎಂಜಿನ್ನಿನ ಬಿಸಿ ನೋಡಿ ತಿರುಗುವ ವಾಟರ್ ಪಂಪ್

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ವಾಹನ ದಟ್ಟಣೆಯಲ್ಲಿ ಎ.ಸಿ. ಹಾಕಿಕೊಂಡು ನಿಂತ ಹಳೆಯ ಕಾರಿನ ತಾಪಮಾನದ ಮುಳ್ಳು ಮೆಲ್ಲಗೆ ಮೇಲೇರುತ್ತದೆ; ಅದೇ ಕಾರು ಹುಮನಾಬಾದ್ ರಸ್ತೆ ಹಿಡಿದು ಓಡತೊಡಗಿದರೆ ಸ್ವಲ್ಪ ಹೊತ್ತಿನಲ್ಲೇ ಮುಳ್ಳು ತನ್ನ ಜಾಗಕ್ಕೆ ಇಳಿಯುತ್ತದೆ. ನೆರಳಿನಲ್ಲೇ 42-43 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಊರಿನಲ್ಲಿ ಕಾರು ಇಟ್ಟುಕೊಂಡವರಿಗೆ ಇದು ಹೊಸತಲ್ಲ. ನಿಂತಾಗ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ ಎಂಬುದು ಒಂದು ಕಾರಣವಾದರೆ, ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟನ್ನು ತಿರುಗಿಸುವ ವಾಟರ್ ಪಂಪು ಬೆಲ್ಟಿನ ಮೂಲಕ ಎಂಜಿನ್ನಿಗೇ ಕಟ್ಟಿಕೊಂಡಿರುವುದು ಇನ್ನೊಂದು ಕಾರಣ. ಎಂಜಿನ್ ನಿಧಾನವಾದರೆ ಪಂಪೂ ನಿಧಾನ.

ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಕೆಲಸವಾಗಿ ಒದಗುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನ ದಾರಿಯಲ್ಲಿ ಹೊಗೆಯೊಡನೆ ಹೊರಟುಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಸಿಲಿಂಡರಿನ ಗೋಡೆಗಳಿಂದ ಕೂಲಂಟಿಗೆ ಇಳಿಯುತ್ತದೆ. ಈ ಕೊನೆಯ ಪಾಲು ಎಷ್ಟಿರುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಆ ಕ್ಷಣದಲ್ಲಿ ಎಷ್ಟು ಇಂಧನ ಉರಿಯುತ್ತಿದೆ ಎಂಬ ಸಂಗತಿ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದಲ್ಲ. ಬೆಲ್ಟಿನ ಪಂಪಿಗೆ ಸುತ್ತು ಮಾತ್ರ ಗೊತ್ತು. ಆದ್ದರಿಂದ ವಿನ್ಯಾಸಕಾರರು ತುಂಬಿದ ಹೇರಿನೊಡನೆ ಏರು ಹತ್ತುವಂಥ ಸನ್ನಿವೇಶವನ್ನು, ಅಂದರೆ ಸುತ್ತು ಕಡಿಮೆ ಮತ್ತು ಬಿಸಿ ಅತಿ ಹೆಚ್ಚು ಇರುವ ಹೊತ್ತನ್ನು ಲೆಕ್ಕಕ್ಕೆ ಹಿಡಿದು ಪಂಪಿನ ಗಾತ್ರ ಗೊತ್ತುಮಾಡುತ್ತಾರೆ. ಅದರ ದಂಡವನ್ನು ಹೆದ್ದಾರಿಯಲ್ಲಿ ತೆರಬೇಕಾಗುತ್ತದೆ. ಇಂಥ ಪಂಪಿನ ವೇಗ ಇಮ್ಮಡಿಯಾದರೆ ಹರಿವು ಇಮ್ಮಡಿಯಾಗುತ್ತದೆ, ಒತ್ತಡ ನಾಲ್ಕು ಪಟ್ಟಾಗುತ್ತದೆ, ಅದನ್ನು ತಿರುಗಿಸಲು ಬೇಕಾದ ಶಕ್ತಿಯಾದರೋ ಎಂಟು ಪಟ್ಟಾಗುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಅರ್ಧ ವೇಗ ಸಾಕಾಗುವಲ್ಲಿ ಅರ್ಧ ವೇಗದಲ್ಲೇ ಓಡಿಸಬಲ್ಲ ಪಂಪು ಎಂಟನೆಯ ಒಂದು ಪಾಲು ಶಕ್ತಿಯಲ್ಲಿ ಕೆಲಸ ಮುಗಿಸುತ್ತದೆ.

ಈ ಲೆಕ್ಕವೇ ಪಂಪನ್ನು ಬೆಲ್ಟಿನಿಂದ ಬಿಡಿಸಿ ವಿದ್ಯುತ್ ಮೋಟಾರಿಗೆ ಜೋಡಿಸಿತು. 2004ರಲ್ಲಿ ಬಿಎಂಡಬ್ಲ್ಯು ತನ್ನ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿಗೆ ಸುಮಾರು 200 ವಾಟ್‌ನ ವಿದ್ಯುತ್ ಪಂಪ್ ಅಳವಡಿಸಿತು. 2009ರ ಟೊಯೊಟಾ ಪ್ರಿಯಸ್‌ನ ಎಂಜಿನ್ನಿನಲ್ಲಿ ಇಂಥ ಉಪಕರಣಗಳನ್ನು ತಿರುಗಿಸುವ ಬೆಲ್ಟೇ ಇಲ್ಲ. ಬ್ಯಾಟರಿ ಕಾರುಗಳಲ್ಲಿ ಮೋಟಾರ್, ಇನ್ವರ್ಟರ್ ಮತ್ತು ಬ್ಯಾಟರಿಯನ್ನು ತಂಪಾಗಿಡುವುದೂ ಇದೇ ಬಗೆಯ ಪಂಪುಗಳೇ.

ಪಂಪಿನ ವೇಗವನ್ನು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಹೇಗೆ ನಿಯಂತ್ರಿಸುತ್ತದೆ? ವೋಲ್ಟೇಜನ್ನು ಏರಿಸಿ ಇಳಿಸುವ ಬದಲು ಅದು ವಿದ್ಯುತ್ತನ್ನು ಸೆಕೆಂಡಿಗೆ ಹಲವಾರು ಬಾರಿ ಕೊಟ್ಟು ಕಡಿಯುತ್ತದೆ. ಪ್ರತಿ ಆವರ್ತದಲ್ಲಿ ಶೇ 60ರಷ್ಟು ಹೊತ್ತು ಕೊಟ್ಟು ಶೇ 40ರಷ್ಟು ಹೊತ್ತು ಕಡಿದರೆ, ಮೋಟಾರಿಗೆ ಸರಾಸರಿ ಶೇ 60ರಷ್ಟು ವೋಲ್ಟೇಜ್ ಸಿಕ್ಕಂತಾಗುತ್ತದೆ; ಕಡಿತದ ಆ ಅತಿ ಚಿಕ್ಕ ಬಿಡುವಿನಲ್ಲಿ ಮೋಟಾರು ತನ್ನ ಓಟದ ಭರದಲ್ಲೇ ತಿರುಗುತ್ತಿರುತ್ತದೆ. ಈ ವಿಧಾನಕ್ಕೆ ಪಿಡಬ್ಲ್ಯುಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್) ಎಂದು ಹೆಸರು.

ಹೊಸ ಕಾರಿನ ಪಂಪಿನ ಸಾಕೆಟ್ಟನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಎರಡು ದಪ್ಪ ತಂತಿಗಳೂ ಅವುಗಳ ಪಕ್ಕದಲ್ಲಿ ತೆಳುವಾದ ತಂತಿಯೂ ಕಾಣುತ್ತವೆ. ದಪ್ಪ ತಂತಿಗಳಲ್ಲಿ ಒಂದು ಫ್ಯೂಸ್ ದಾಟಿ ಬಂದ ಬ್ಯಾಟರಿಯ ಪ್ಲಸ್, ಇನ್ನೊಂದು ಅರ್ಥ್. ತೆಳು ತಂತಿಯಲ್ಲಿ ಇಸಿಯುವಿನ ಆದೇಶ ಮಾತ್ರ, ಸಾಮಾನ್ಯವಾಗಿ ಇದೇ ಪಿಡಬ್ಲ್ಯುಎಂ ರೂಪದಲ್ಲಿ, ಬರುತ್ತದೆ. ಆ ಆದೇಶವನ್ನು ಓದಿಕೊಂಡು ಮೋಟಾರಿನ ಸುರುಳಿಗಳಿಗೆ ಕರೆಂಟ್ ಹಂಚುವ ಸರ್ಕ್ಯೂಟ್ ಪಂಪಿನ ಒಳಗೇ ಇರುತ್ತದೆ. ಹಳೆಯ ಕಾರಿಗೆ ಸಾದಾ ಮೋಟಾರಿನ ಪಂಪ್ ಕೂರಿಸಲು ಹೊರಟವರಿಗೆ ಈ ಅನುಕೂಲವಿಲ್ಲ. 200 ವಾಟ್‌ನ ಮೋಟಾರು 13 ವೋಲ್ಟ್‌ನಲ್ಲಿ 15 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ, ಆದರೆ ಇಸಿಯುವಿನ ಸಾಮಾನ್ಯ ಔಟ್‌ಪುಟ್‌ಗಳು ಇರುವುದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಕಡಿಯುವ ಸ್ವಿಚ್), ಸೊಲೆನಾಯ್ಡ್‌ಗಳಂಥ ಸಣ್ಣ ಹೊರೆಗಳಿಗಾಗಿ. ನಡುವೆ ರಿಲೇ ಹಾಕಿದರಾಯಿತಲ್ಲ ಎಂದರೆ, ಸೆಕೆಂಡಿಗೆ ನೂರು ಬಾರಿ ಬಡಿದುಕೊಳ್ಳುವ ರಿಲೇಯ ಸಂಪರ್ಕಗಳು ಬೇಗನೆ ಸುಟ್ಟುಹೋಗುತ್ತವೆ. ಅಲ್ಲಿ ಬೇಕಾದದ್ದು ಬಡಿದುಕೊಳ್ಳುವ ಸಂಪರ್ಕಗಳೇ ಇಲ್ಲದ ಸ್ವಿಚ್, ಅಂದರೆ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರ್. ಅದರೊಡನೆ ಮೋಟಾರಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರಲೇಬೇಕು, ಏಕೆಂದರೆ ಕರೆಂಟ್ ಕಡಿದ ಕ್ಷಣದಲ್ಲಿ ಸುರುಳಿಯೊಳಗಿನ ಕಾಂತಕ್ಷೇತ್ರ ಕುಸಿಯುತ್ತ ಎಬ್ಬಿಸುವ ಹೆಚ್ಚಿನ ವೋಲ್ಟೇಜಿಗೆ ಡಯೋಡ್ ದಾರಿ ಕೊಡದಿದ್ದರೆ ಅದು ಟ್ರಾನ್ಸಿಸ್ಟರನ್ನೇ ಬಲಿ ತೆಗೆದುಕೊಳ್ಳುತ್ತದೆ.

ಇಷ್ಟು ವೈರಿಂಗ್ ಸುಲಭದ ಭಾಗ ಎಂದೇ ನನ್ನ ಅಭಿಪ್ರಾಯ. ಯಾವಾಗ ಎಷ್ಟು ವೇಗ ಎಂಬ ತೀರ್ಮಾನ ಹೆಚ್ಚು ನಾಜೂಕಿನದು. ಎಂಜಿನ್ ತಣ್ಣಗಿರುವಾಗ ಪಂಪನ್ನು ಪೂರ್ತಿ ನಿಲ್ಲಿಸಿದರೆ ಬೇಗ ಬಿಸಿಯೇರುತ್ತದೆ ಎಂಬ ಆಸೆ ಸಹಜ. ಆದರೆ ಕೂಲಂಟ್ ಹರಿಯದಿದ್ದಾಗ ಸೆನ್ಸರ್ ಹೇಳುವುದು ತಾನಿರುವ ಜಾಗದ ತಾಪವನ್ನು ಮಾತ್ರ. ಸೆನ್ಸರ್ 60 ಡಿಗ್ರಿ ಎನ್ನುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವಿನ ಸುತ್ತ ನೀರು ಕುದಿಯುತ್ತಿರಬಹುದು. ಕಾರ್ಖಾನೆಯವರು ಉರಿದ ಇಂಧನವನ್ನು ಲೆಕ್ಕ ಹಾಕಿ ಒಳಗಿನ ತಾಪವನ್ನು ಅಂದಾಜು ಮಾಡಬಲ್ಲರು, ಹಾಗಾಗಿ ಕೆಲಹೊತ್ತು ನಿಲ್ಲಿಸುವ ಧೈರ್ಯ ಮಾಡುತ್ತಾರೆ. ಉಳಿದವರು ಕನಿಷ್ಠ ಹರಿವನ್ನು ಎಂದೂ ನಿಲ್ಲಿಸಬಾರದು, ಎಂಜಿನ್ ಬಿಸಿಯೇರುವ ತನಕ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಎಂಬ ಕವಾಟವನ್ನೂ ಉಳಿಸಿಕೊಳ್ಳಬೇಕು. ಗಾಡಿ ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ; ಜನವರಿಯ ಮುಂಜಾನೆ ಅಂಥ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಹೆಚ್ಚು ಸವೆಯುತ್ತದೆ.

ಪಂಪಿನ ವೇಗ ಬದಲಾದುದರ ಫಲ ಸೆನ್ಸರಿಗೆ ತಿಳಿಯಲು ಕೆಲವು ಸೆಕೆಂಡುಗಳು ಬೇಕು. ಈ ತಡವನ್ನು ಗಮನಿಸದೆ ತಾಪವೊಂದನ್ನೇ ಬೆನ್ನಟ್ಟುವ ಇಸಿಯು ವೇಗವನ್ನು ಅತಿಯಾಗಿ ಏರಿಸಿ, ಮತ್ತೆ ಅತಿಯಾಗಿ ಇಳಿಸಿ, ತಾಪವನ್ನು ಉಯ್ಯಾಲೆಯಾಡಿಸುತ್ತದೆ. ಒಳ್ಳೆಯ ನಿಯಂತ್ರಣವು ಇಂಧನದ ಪ್ರಮಾಣವನ್ನೂ ನೋಡುತ್ತದೆ, ಏಕೆಂದರೆ ಬರಲಿರುವ ಬಿಸಿಯ ಸುದ್ದಿ ಮೊದಲು ಸಿಗುವುದು ಅಲ್ಲಿಯೇ. ವೇಗವನ್ನು ಏರಿಸುವಾಗ ಚುರುಕು, ಇಳಿಸುವಾಗ ನಿಧಾನ ಎಂಬುದೇ ಇಲ್ಲಿ ಕ್ಷೇಮದ ಕ್ರಮ.

ನಮ್ಮ ಭಾಗದವರು ಇನ್ನೊಂದು ಮಿತಿಯನ್ನು ತಿಳಿದಿರಬೇಕು. ರೇಡಿಯೇಟರ್ ಹೊರಹಾಕುವ ಬಿಸಿ ಕೂಲಂಟ್ ಮತ್ತು ಗಾಳಿಯ ತಾಪದ ಅಂತರವನ್ನು ಅವಲಂಬಿಸಿದೆ. ಕೂಲಂಟ್ 90 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 65. ಗಾಳಿ 45 ಡಿಗ್ರಿಯಾದಾಗ ಅಂತರ 45ಕ್ಕೆ ಇಳಿಯುತ್ತದೆ, ಅಂದರೆ ಅದೇ ರೇಡಿಯೇಟರಿನ ಸಾಮರ್ಥ್ಯದಲ್ಲಿ ಸುಮಾರು ಶೇ 30 ಖೋತಾ. ಎ.ಸಿ. ಕಂಡೆನ್ಸರಿನ ಮೂಲಕ ಹಾದು ಬಂದ ಗಾಳಿ ಇನ್ನೂ ಬಿಸಿಯಾಗಿರುತ್ತದೆ. ಈ ಕೊರತೆಯನ್ನು ಪಂಪು ಒಂದೇ ತುಂಬಲಾರದು: ಒಂದು ಹಂತ ದಾಟಿದ ಮೇಲೆ ಬಿಸಿ ಹೊರಹೋಗುವುದಕ್ಕೆ ಅಡ್ಡಿಯಾಗುವುದು ನೀರಿನ ಹರಿವಲ್ಲ, ಗಾಳಿಯ ಕೊರತೆ. ಆಗ ಪಂಪಿಗೆ ಕೊಡುವ ಹೆಚ್ಚುವರಿ ವಾಟ್‌ಗಳನ್ನು ಫ್ಯಾನಿಗೆ ಕೊಡುವುದೇ ಲಾಭ, ಆದ್ದರಿಂದ ಇವೆರಡನ್ನೂ ಒಂದೇ ಇಸಿಯು ಒಟ್ಟಿಗೆ ತೂಗಿ ನಡೆಸಬೇಕು. ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುವವರ ಕಾರಿನಲ್ಲಂತೂ ನಳಿಕೆಗಳ ಒಳಗೆ ಕಟ್ಟಿದ ಸುಣ್ಣದ ಪದರ ಯಾವ ನಿಯಂತ್ರಣವನ್ನೂ ಸೋಲಿಸಬಲ್ಲದು.

ಬೆಲ್ಟ್ ಹರಿದರೆ ಕಣ್ಣಿಗೆ ಕಾಣುತ್ತದೆ, ತೆಳು ತಂತಿ ಕಡಿದರೆ ಕಾಣುವುದಿಲ್ಲ. ಅದಕ್ಕಾಗಿಯೇ ಅನೇಕ ಪಂಪುಗಳಲ್ಲಿ ಆದೇಶದ ಪ್ರಮಾಣ ಶೇ 0 ಅಥವಾ ಶೇ 100 ಆಗಿಯೇ ಉಳಿದರೆ ಅದನ್ನು ಆದೇಶವೆಂದು ಎಣಿಸುವುದಿಲ್ಲ. ತಂತಿ ಕಡಿದಿದೆ ಅಥವಾ ಶಾರ್ಟ್ ಆಗಿದೆ ಎಂದು ತಿಳಿದು ಪಂಪು ತಾನಾಗಿ ಪೂರ್ಣ ವೇಗಕ್ಕೆ ಏರುತ್ತದೆ. ಮನೆಯಲ್ಲೇ ಅಥವಾ ಕಾಲೇಜಿನ ವರ್ಕ್‌ಶಾಪಿನಲ್ಲಿ ಸರ್ಕ್ಯೂಟ್ ಕಟ್ಟುವವರೂ ಸಿಗ್ನಲ್ ಇಲ್ಲದಾಗ ಮೋಟಾರು ಓಡುವಂತೆಯೇ ಜೋಡಿಸಬೇಕು, ನಿಲ್ಲುವಂತೆ ಅಲ್ಲ. ಮೊದಲ ಓಟಕ್ಕೆ ಮುನ್ನ, ಎಂಜಿನ್ ಚಾಲೂ ಇರುವಾಗಲೇ ಆ ತೆಳು ತಂತಿಯನ್ನು ಬಿಚ್ಚಿ ಪಂಪು ಏನು ಮಾಡುತ್ತದೆಂದು ಪರೀಕ್ಷಿಸಿಕೊಳ್ಳಬೇಕು.